ಮರದಲ್ಲಿ ನಿಂತ ದೈವ

ನನ್ನೂರು ಮರ್ಕಂಜದಲ್ಲಿ ದೈವದ ಮೊಗವನ್ನು ಹುಡುಗರಾದ ನಾವು ಮುಟ್ಟುವಂತಿರಲಿಲ್ಲ, ದೂರದಿಂದಲೇ ಕೈಮುಗಿಯುತ್ತಿದ್ದೆವು. ಮುಂದೆ ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಮರದ ಭೂತಗಳನ್ನು ಕಂಡೆ. ಅವು ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ಸನ್ನಿಧಿಯವು. 1960ರ ದಶಕದ ಜೀರ್ಣೋದ್ಧಾರದಲ್ಲಿ ಅಲ್ಲಿ ಹೊಸ ಉರುಗಳು ನಿಂತವು. ಹಳೆಯವುಗಳಲ್ಲಿ ಕೆಲವು ದಿಲ್ಲಿ ಸೇರಿ ಕಲಾಕೃತಿಗಳೆನಿಸಿದವು.

ಶ್ರೋತೃಗಳೆ, ದೂರದ ನೈಜೀರಿಯದ ಬೊಂಬೆಗಳಿಗೂ ಇದೇ ಗತಿ ಒದಗಿದೆ. ಅಲ್ಲಿನ ಯೊರುಬಾ ಜನರಲ್ಲಿ ಅವಳಿ ಮಕ್ಕಳಲ್ಲೊಂದು ತೀರಿಕೊಂಡರೆ ತಾಯಿ ‘ಇಬೇಜಿ’ ಎಂಬ ಮರದ ಬೊಂಬೆಯನ್ನು ಕೆತ್ತಿಸಿ, ಮೀಯಿಸಿ, ಉಣಿಸುತ್ತಿದ್ದಳು. ಆ ಕೈಗಳ ಸವೆತಕ್ಕೆ ಬೊಂಬೆಯ ಮುಖವೇ ನುಣುಪಾಗುತ್ತಿತ್ತು. ಅಂಥವು ಇಂದು ಯುರೋಪಿನ ಗಾಜಿನ ಪೆಟ್ಟಿಗೆಗಳಲ್ಲಿವೆ.

ದಿಲ್ಲಿಯಲ್ಲಿಯೂ ನಾನು ಆ ಭೂತಗಳನ್ನು ಮುಟ್ಟುವಂತಿರಲಿಲ್ಲ. ಊರಿನಲ್ಲಿ ತಡೆದದ್ದು ಭಕ್ತಿ, ಇಲ್ಲಿ ತಡೆದದ್ದು ನಿಯಮ. ಮರ ಉಳಿಯಿತು, ಸಂತೋಷ. ಅದರೆದುರು ಕೈಮುಗಿದವರ ಕಥೆಯನ್ನೂ ಉಳಿಸಿಕೊಳ್ಳದಿದ್ದರೆ ಉಳಿದದ್ದು ಬರಿಯ ಮರ.