ಕೆಸರಿನ ಪಂದ್ಯವೂ ಮೈಸೂರಿನ ಜಾವಾವೂ

ಗುಡ್ನಾಪುರದ ಕೆರೆಯ ದಂಡೆಯಿಂದ ಬನವಾಸಿಯ ಕಡೆಗೆ ಮಳೆಗಾಲದಲ್ಲಿ ನಡೆದವರಿಗೆ ಕೆಸರೆಂದರೇನೆಂದು ವಿವರಿಸಬೇಕಾಗಿಲ್ಲ. ನಾನು ಬಾಲಕನಾಗಿದ್ದಾಗ ನನ್ನ ಸೋದರಮಾವನವರು ತಮ್ಮ ಜಾವಾ ಮೋಟಾರು ಸೈಕಲ್ಲಿನಲ್ಲಿ ಆ ಕೆಸರನ್ನು ದಾಟುತ್ತಿದ್ದ ರೀತಿ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹಳ್ಳ ಬಂದೊಡನೆ ಅವರು ಸೀಟು ಬಿಟ್ಟೆದ್ದು, ಕಾಲಿಡುವ ಕಡ್ಡಿಗಳ ಮೇಲೆ ನಿಂತು, "ಗಟ್ಟಿ ಹಿಡ್ಕಳ ಮಾಣಿ" ಎನ್ನುತ್ತಿದ್ದರು. ಹೀಗೆ ನಿಂತು ಓಡಿಸುವುದು ಒಂದು ದೊಡ್ಡ ಕ್ರೀಡೆಯ ಮೊದಲ ಪಾಠವೆಂದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಆ ಕ್ರೀಡೆಯೇ ಮೋಟೋಕ್ರಾಸ್. ಗುಡ್ಡ, ಮರಳು, ಕೆಸರುಗಳ ನಡುವೆ ನಡೆಯುವ ಈ ಓಟದ ಮೂಲವನ್ನು 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ನಡೆದ ಒಂದು ಪಂದ್ಯದಲ್ಲಿ ಗುರುತಿಸುತ್ತಾರೆ. ಅಲ್ಲಿಯವರು ಇದನ್ನು 'ಸ್ಕ್ರಾಂಬಲ್' ಎಂದರು. ಫ್ರೆಂಚರು ತಮ್ಮ ಮೋಟಾರು ಸೈಕಲ್ಲಿನ ಹೆಸರಿನ ತಲೆಗೆ ಇಂಗ್ಲಿಷಿನ 'ಕ್ರಾಸ್ ಕಂಟ್ರಿ'ಯ ತುಂಡನ್ನು ಅಂಟಿಸಿದರು. ನಮ್ಮ ವ್ಯಾಕರಣದಲ್ಲಿ ಇದು ಅರಿಸಮಾಸವಾದೀತು. ಆದರೆ ಜಗತ್ತು ಒಪ್ಪಿಕೊಂಡಿತು.

1957ರಲ್ಲಿ 500 ಸಿ.ಸಿ. ವರ್ಗಕ್ಕೆ ವಿಶ್ವ ಚಾಂಪಿಯನ್‌ಷಿಪ್ ಆರಂಭವಾಯಿತು. ಸ್ವೀಡನ್ನಿನ ಬಿಲ್ ನಿಲ್ಸನ್ ಅದರ ಮೊದಲ ವಿಜೇತ. ಆ ಕಾಲದ ಗಾಡಿಗಳು ಭಾರವಾದ ಫೋರ್ ಸ್ಟ್ರೋಕ್ ಯಂತ್ರಗಳು. 1964 ಮತ್ತು 1965ರಲ್ಲಿ ಇಂಗ್ಲೆಂಡಿನ ಜೆಫ್ ಸ್ಮಿತ್ ಬಿ.ಎಸ್.ಎ. ಗಾಡಿಯಲ್ಲಿ ಗೆದ್ದದ್ದು ಅವುಗಳ ವೈಭವದ ಕೊನೆಯ ಘಟ್ಟ.

ಅದೇ ಹೊತ್ತಿಗೆ ಚೆಕೊಸ್ಲೊವಾಕಿಯದಿಂದ ಸೀಜೆಡ್ ಎಂಬ ಗಾಡಿ ಬಂದಿತು. ಅದು ಟೂ ಸ್ಟ್ರೋಕ್. ಅದರಲ್ಲಿ ವಾಲ್ವುಗಳ ಜಂಜಾಟವಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಎಂಜಿನ್ನಿನ ಪ್ರತಿ ಸುತ್ತಿಗೂ ಒಮ್ಮೆ ಇಂಧನ ಉರಿಯುತ್ತದೆ. ಭಾರ ಕಡಿಮೆ, ಚುರುಕು ಹೆಚ್ಚು. 1964ರಲ್ಲಿ ಇಪ್ಪತ್ತು ವರ್ಷದ ಬೆಲ್ಜಿಯಂ ತರುಣ ಜೊಯೆಲ್ ರೊಬೇರ್ ಇದರ ಮೇಲೆ 250 ಸಿ.ಸಿ. ವಿಶ್ವವಿಜೇತನಾದನು. 1966ರಿಂದ ಮೂರು ವರ್ಷ ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ ದೊಡ್ಡ ವರ್ಗವನ್ನೂ ಸೀಜೆಡ್ಡಿನಲ್ಲೇ ಗೆದ್ದನು. ಭಾರದ ಗಾಡಿಗಳ ಕಾಲ ಮುಗಿಯಿತು.

ಇದಕ್ಕೂ ನಮಗೂ ಏನು ಸಂಬಂಧವೆಂದು ತಾವು ಕೇಳಬಹುದು. ಜಾವಾ ಕೂಡ ಆ ದೇಶದ್ದೇ. ಮಹಾಯುದ್ಧದ ತರುವಾಯ ಎರಡೂ ಕಾರ್ಖಾನೆಗಳು ರಾಷ್ಟ್ರೀಕರಣಗೊಂಡು, ಜಾವಾ–ಸೀಜೆಡ್ ಎಂದು ಜೋಡಿ ಹೆಸರಿನಲ್ಲಿ ಗಾಡಿಗಳು ಹೊರಬಂದವು. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಟದ್ದು ಈ ಮನೆತನದ 250 ಸಿ.ಸಿ. ಗಾಡಿ. ಒಂದೇ ಸಿಲಿಂಡರು, ಆದರೆ ಎಡಬಲಕ್ಕೆ ಎರಡು ಹೊಗೆಕೊಳವೆ. ರೊಬೇರನ ಕಾಲದ ಸೀಜೆಡ್ಡಿಗೂ ಹಾಗೆಯೇ ಎರಡು ಕೊಳವೆಗಳಿದ್ದವು! ನಮ್ಮದು ಸಂಸಾರಿ ಗಾಡಿ, ಅವನದು ಜಟ್ಟಿ. ಆದರೂ ಒಂದೇ ವಂಶ.

ನನ್ನ ಕೊರಗು ಇಷ್ಟೇ: ಕೆಸರಿಗೆ ಕೊರತೆಯಿಲ್ಲದ ನಾಡಿನಲ್ಲಿ ಇಂಥ ಗಾಡಿ ತಯಾರಾಗಿಯೂ ನಾವು ಅದಕ್ಕೆ ಅಡಿಕೆ ಮೂಟೆ ಕಟ್ಟಿದೆವೇ ಹೊರತು, ಓಡಿಸಲು ಒಂದು ಬಯಲನ್ನು ಕೊಟ್ಟವರು ವಿರಳ. ಮುಂದೆ ಗಾಡಿಯ ಹೆಸರು ಯೆಜ್ಡಿಯಾಯಿತು. 1978ರಲ್ಲಿ ರೋಡ್‌ಕಿಂಗ್ ಬಂದಿತು. ಅದರ ಮೇಲೆ ಪಂದ್ಯಗಳಲ್ಲಿ ಓಡಿದ ಸಾಹಸಿಗಳೂ ಇದ್ದರೆನ್ನಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅತ್ತ ರೊಬೇರನೇ 1970ರಲ್ಲಿ ಜಪಾನಿನ ಸುಜುಕಿಯನ್ನೇರಿ ಮತ್ತೆ ಮೂರು ಬಾರಿ ಗೆದ್ದಿದ್ದನು. ಮೋಟೋಕ್ರಾಸಿನಲ್ಲಿ ಪಳಗಿದ ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯಲ್ಲಿ ಓಡಿದ ಮೊದಲ ಭಾರತೀಯರಾಗಿ 36ನೆಯ ಸ್ಥಾನ ಪಡೆದರು. 2018ರಲ್ಲಿ ಜಾವಾ ಹೆಸರು ಮರಳಿ ಬಂದಿತು, ಫೋರ್ ಸ್ಟ್ರೋಕ್ ಎಂಜಿನ್ನಿನೊಡನೆ. ಪೆಟ್ರೋಲಿಗೆ ಎಣ್ಣೆ ಬೆರೆಸುವ ಹದ ಅದಕ್ಕೆ ಬೇಕಿಲ್ಲ.

ಮಾವನವರ ಗಾಡಿ ಈಗ ನಮ್ಮ ಕೊಟ್ಟಿಗೆಯಲ್ಲಿದೆ. ರವಿವರ್ಮನ ಶಾಸನಸ್ತಂಭವನ್ನು ನೋಡಲು ಬಂದ ನನ್ನ ವಿದ್ಯಾರ್ಥಿಯೊಬ್ಬ ಹಿಂದಿರುಗುವಾಗ ಅದರ ಧೂಳೊರೆಸಿ, ಕಿಕ್ ಹೊಡೆದು, "ಇದಕ್ಕೆ ಗೇರು ಎಲ್ಲಿ ಸಾರ್?" ಎಂದು ಹುಡುಕತೊಡಗಿದ. ಕಿಕ್ಕಿನ ಆ ಕೋಲನ್ನೇ ಮುಂದಕ್ಕೆ ಮಡಿಸಿ ತೋರಿಸಿದೆ.