ಮೂಗಿನಲ್ಲಿ ‘ಮಾಂಸ’ ಬೆಳೆದರೆ: ಆಪರೇಷನ್ ಯಾವಾಗ ಬೇಕು, ಆಮೇಲೇನು?

ಕಲ್ಲುಗುಂಡಿ: ಮಳೆಗಾಲದಲ್ಲಿ ಹಿಡಿದ ಶೀತ ದೀಪಾವಳಿ ಕಳೆದರೂ ಬಿಡುವುದಿಲ್ಲ. ಮೂಗು ಕಟ್ಟಿ ಬಾಯಲ್ಲೇ ಉಸಿರಾಟ, ರಾತ್ರಿ ಗೊರಕೆ. ಒಗ್ಗರಣೆ ಸೀದರೂ ವಾಸನೆ ಗೊತ್ತಾಗುವುದಿಲ್ಲ. “ಶೀತ ಅಲ್ವಾ, ಹೋಗ್ತದೆ” ಎಂದು ಸುಮ್ಮನಿರುವವರೇ ಹೆಚ್ಚು. ಆದರೆ ಮೂರು ತಿಂಗಳು ದಾಟಿದರೂ ಹೀಗೇ ಇದ್ದರೆ ಅದು ಮೂಗಿನ ಪಾಲಿಪ್, ಅಂದರೆ ಊರಲ್ಲಿ ‘ದುರ್ಮಾಂಸ’ ಎನ್ನುವ ತೊಂದರೆ ಇರಬಹುದು.

ಏನಿದು ಪಾಲಿಪ್?
ಮೂಗು ಮತ್ತು ಸೈನಸ್‌ಗಳ ಒಳಪೊರೆ ಬಹುಕಾಲ ಉರಿಯೂತದಿಂದ ಊದಿಕೊಂಡು, ದ್ರಾಕ್ಷಿ ಹಣ್ಣಿನ ಹಾಗೆ ಜೋತುಬೀಳುವ ಮೆತ್ತಗಿನ ಗಡ್ಡೆ ಇದು. ನೋವಿರುವುದಿಲ್ಲ. ಸಾಮಾನ್ಯವಾಗಿ ಎರಡೂ ಹೊಳ್ಳೆಗಳಲ್ಲಿ ಬರುತ್ತದೆ. ಇದು ಕ್ಯಾನ್ಸರ್ ಅಲ್ಲ. ಅಸ್ತಮಾ ಇದ್ದವರಲ್ಲಿ ಹೆಚ್ಚು. ಕೆಲವರಿಗೆ ಇದರೊಂದಿಗೆ ಆಸ್ಪಿರಿನ್‌ನಂತಹ ನೋವಿನ ಮಾತ್ರೆಯೂ ಆಗಿಬರುವುದಿಲ್ಲ. ಅಂಥವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ವಾಸನೆ ಹೋಗುವುದು ಸಣ್ಣ ಸಂಗತಿಯಲ್ಲ. ಹೋಟೆಲ್, ಕ್ಯಾಂಟೀನ್ ನಡೆಸುವವರಿಗೆ ಗ್ಯಾಸ್ ಸೋರಿದರೂ ತಿಳಿಯದೆ ಹೋಗಬಹುದು.

ಮೊದಲು ಔಷಧಿ
ಇಎನ್‌ಟಿ ವೈದ್ಯರು ಸಣ್ಣ ದುರ್ಬೀನು (ಎಂಡೋಸ್ಕೋಪ್) ಹಾಕಿ ಮೂಗಿನ ಒಳಗೆ ನೋಡುತ್ತಾರೆ. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ಸ್ಟೀರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರಿನಿಂದ ಮೂಗು ತೊಳೆಯುವುದು ಮೊದಲ ಚಿಕಿತ್ಸೆ. ತೊಳೆಯಲು ಕುದಿಸಿ ಆರಿಸಿದ ನೀರೇ ಆಗಬೇಕು. ಬಾವಿ, ನಳ್ಳಿ ನೀರನ್ನು ಹಾಗೇ ಬಳಸಬಾರದು. ಮೂಗು ಬಿಡಿಸುವ ಡ್ರಾಪ್ಸನ್ನು ಮೆಡಿಕಲ್‌ನಿಂದ ತಂದು ವಾರಗಟ್ಟಲೆ ಹಾಕಿಕೊಂಡರೆ ಮೂಗು ಮತ್ತಷ್ಟು ಕಟ್ಟುತ್ತದೆ.

ಆಪರೇಷನ್ ಹೇಗೆ?
ಔಷಧಿಗೆ ಬಗ್ಗದಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸಿ ‘ಫೆಸ್’ ಎಂಬ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಸಾಮಾನ್ಯವಾಗಿ ಪೂರ್ತಿ ಮತ್ತು ಬರಿಸಿ, ಹೊಳ್ಳೆಯ ಮೂಲಕವೇ ಪಾಲಿಪ್ ತೆಗೆದು ಸೈನಸ್ ದಾರಿ ಬಿಡಿಸುತ್ತಾರೆ. ಮುಖದ ಮೇಲೆ ಗಾಯವಿಲ್ಲ. ಪಕ್ಕದಲ್ಲೇ ಕಣ್ಣು, ಮೇಲೆ ಮೆದುಳು ಇರುವುದರಿಂದ ಅಪರೂಪಕ್ಕೆ ಅಪಾಯವೂ ಉಂಟು. ಹಾಗಾಗಿ ಆಸಿಡ್ ಹಾಕಿ ಸುಡಿಸುವುದು, ಗೊತ್ತಿಲ್ಲದವರಲ್ಲಿ ಕೀಳಿಸುವುದು ಬೇಡವೇ ಬೇಡ.

ಮುಖ್ಯ ವಿಷಯ: ಪಾಲಿಪ್ ತೆಗೆದರೂ ಉರಿಯೂತದ ಗುಣ ಹೋಗುವುದಿಲ್ಲ. “ಆಪರೇಷನ್ ಆಯ್ತಲ್ಲ” ಎಂದು ಸ್ಪ್ರೇ ಬಿಟ್ಟವರಿಗೆ ಮತ್ತೆ ಬೆಳೆಯುವ ಸಂಭವ ಹೆಚ್ಚು. ವೈದ್ಯರು ಹೇಳಿದಷ್ಟು ಕಾಲ ಸ್ಪ್ರೇ, ತೊಳೆಯುವಿಕೆ, ತಪಾಸಣೆ ಮುಂದುವರಿಸಬೇಕು.

ತಡ ಮಾಡಬೇಡಿ
ಒಂದೇ ಹೊಳ್ಳೆ ಕಟ್ಟಿದ್ದರೆ, ರಕ್ತ ಬಂದರೆ, ಕಣ್ಣು ಊದಿಕೊಂಡರೆ, ದೃಷ್ಟಿ ಮಂಜಾದರೆ ಕೂಡಲೇ ತೋರಿಸಿ. ಕೆರೆಯಲ್ಲಿ ಮೀಯುವವರಲ್ಲಿ ಕಾಣುವ ರೈನೋಸ್ಪೊರಿಡಿಯೋಸಿಸ್ ಎಂಬ ಸೋಂಕು ದಕ್ಷಿಣ ಭಾರತದಲ್ಲಿದೆ. ಅದರ ಗಡ್ಡೆ ಕೆಂಪಗೆ, ಬಿಳಿ ಚುಕ್ಕೆಗಳಿಂದ ಕೂಡಿರುತ್ತದೆ. ಮುಟ್ಟಿದರೆ ರಕ್ತ ಬರುತ್ತದೆ. ಮಕ್ಕಳ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಒಳಗೆ ಮಣಿ, ಬೀಜ ಸಿಕ್ಕಿರಲೂಬಹುದು.

ಎಲ್ಲಿ ತೋರಿಸುವುದು?
ಇಎನ್‌ಟಿ ವಿಭಾಗ ಸುಳ್ಯದ ಕೆ.ವಿ.ಜಿ. ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ಮಂಗಳೂರಿನ ವೆನ್ಲಾಕ್‌ನಲ್ಲೂ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಸೌಲಭ್ಯವಿದೆ. ನಿಮ್ಮ ಚಿಕಿತ್ಸೆ ಪಟ್ಟಿಯಲ್ಲಿದೆಯೇ, ಸರಕಾರಿ ಆಸ್ಪತ್ರೆಯ ರೆಫರಲ್ ಬೇಕೇ ಎಂಬುದನ್ನು ದಾಖಲಾಗುವ ಮೊದಲೇ ಆರೋಗ್ಯಮಿತ್ರರಲ್ಲಿ ವಿಚಾರಿಸಿಕೊಳ್ಳಿ. ರೇಷನ್ ಕಾರ್ಡ್, ಆಧಾರ್ ಜತೆಗಿರಲಿ.