ಲಾಡ್ಜ್ ಬಿಲ್ಲಿನ ತೆರಿಗೆ ಯಾರ ಪಾಲಿಗೆ?

ಹಂಪಿ ನೋಡಲು ಬಂದವರು ಹೊಸಪೇಟೆಯಲ್ಲೋ ಕಮಲಾಪುರದಲ್ಲೋ ರೂಮು ಹಿಡಿಯುತ್ತಾರೆ. ಬಿಲ್ಲಿನ ಕೊನೆಗೆ ತೆರಿಗೆಯ ಸಾಲೊಂದು ಇರುತ್ತದೆ. ಆ ದುಡ್ಡು ಚಿತ್ತವಾಡ್ಗಿಯ ಚರಂಡಿಗೆ, ಹಂಪಿಯ ಕಸದ ಗಾಡಿಗೆ ನೇರವಾಗಿ ಬರುತ್ತದೆಯೇ? ಇಲ್ಲ. ಹಿಂದೆಯೂ ಬರಲಿಲ್ಲ.

1979ರಲ್ಲಿ ಕರ್ನಾಟಕ ಐಷಾರಾಮಿ ತೆರಿಗೆ ಕಾಯ್ದೆ ತಂದಿತು. ಹೋಟೆಲ್ ಮಾಲೀಕರು ಕೋರ್ಟಿಗೆ ಹೋದರು. ಈ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು 1989ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಸೂಲಿ ಮಾಡುತ್ತಿದ್ದದ್ದು ವಾಣಿಜ್ಯ ತೆರಿಗೆ ಇಲಾಖೆ; ದುಡ್ಡು ರಾಜ್ಯದ ಖಜಾನೆಗೆ.

2017ರ ಜುಲೈ 1ರಂದು ಜಿಎಸ್‌ಟಿ ಬಂದು ಅದನ್ನು ನುಂಗಿತು. ಆಗ ದಿನಕ್ಕೆ 1,000 ರೂಪಾಯಿಗಿಂತ ಕಡಿಮೆ ಬಾಡಿಗೆಯ ರೂಮಿಗೆ ತೆರಿಗೆ ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ ಶೇ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ ಶೇ 5, ಮೇಲಿನದಕ್ಕೆ ಶೇ 18.

ಲೆಕ್ಕ ಹಾಕೋಣ. 800 ರೂಪಾಯಿ ರೂಮಿಗೆ ತೆರಿಗೆ 40 ರೂಪಾಯಿ. ಕೇಂದ್ರಕ್ಕೆ 20, ರಾಜ್ಯಕ್ಕೆ 20. ವರ್ಷದ ವಹಿವಾಟು 20 ಲಕ್ಷ ದಾಟದ, ನೋಂದಣಿಯಿಲ್ಲದ ಸಣ್ಣ ಲಾಡ್ಜ್ ತಾನೇ ತೆರಿಗೆ ಹಾಕುವಂತಿಲ್ಲ. ಆದರೆ ಅದೇ ರೂಮು ಆ್ಯಪ್‌ನಲ್ಲಿ ಬುಕ್ ಆದರೆ, ಆ್ಯಪ್ ಕಂಪನಿಯೇ ಜಿಎಸ್‌ಟಿ ಕಟ್ಟಬೇಕು.

ನೀರು, ಕಸ, ಬೀದಿದೀಪ ಮಾತ್ರ ನಗರಸಭೆ, ಪಂಚಾಯಿತಿಯ ತಲೆಮೇಲೆ. ಲಾಡ್ಜಿನಿಂದ ಅವಕ್ಕೆ ನೇರವಾಗಿ ಸಿಗುವ ಮುಖ್ಯ ಆದಾಯ ಕಟ್ಟಡದ ಆಸ್ತಿ ತೆರಿಗೆ. ಹಾಗಾಗಿ ಲಾಡ್ಜ್ ಕಟ್ಟಡ ದಾಖಲೆಯಲ್ಲಿ ವಾಸದ ಮನೆಯಾಗಿಯೇ ಉಳಿದರೆ ನಷ್ಟ ಊರಿನದ್ದೇ. ಮುಂದಿನ ಗ್ರಾಮಸಭೆಯಲ್ಲಿ, ವಾರ್ಡಿನಲ್ಲಿ ನಾವು ಕೇಳಬೇಕಾದ ಲೆಕ್ಕ ಇದೇ.